ನಾಲ್ಕನೆಯ ಟವರ್

"ಇದೂ ಬ್ಯಾಡ್ರಿ, ಬಾಯಾರ," ಎಂದ ವೈಜನಾಥ, ಕುಕ್ಕರಗಾಲಲ್ಲಿ ಕೂತಲ್ಲಿಂದಲೇ.

ಹೈದರಾಬಾದಿನ ಬಾಲಾನಗರದ ಆ ಅಂಗಡಿಯ ಹಿಂದಿನ ಅಂಗಳದಲ್ಲಿ ಬಿಸಿಲು ತಗಡಿನ ಗೋಡೆಗೆ ಬಡಿದು ಕಣ್ಣಿಗೆ ರಾಚುತ್ತಿತ್ತು. ಪಕ್ಕದ ಶೆಡ್ಡಿನಿಂದ ಲೇತ್ ಮಷಿನ್ನಿನ ಸದ್ದು ಬಿಡದೆ ಬರುತ್ತಿತ್ತು. ಎದುರಿಗೆ ಎರಡಾಳೆತ್ತರದ ಅಲ್ಯೂಮಿನಿಯಂ ಟವರ್ ನಿಂತಿತ್ತು. ಏಣಿಯಂಥ ಫ್ರೇಮುಗಳನ್ನು ಎದುರುಬದುರು ನಿಲ್ಲಿಸಿ, ಅಡ್ಡ ಸರಳು ಸಿಕ್ಕಿಸಿ, ಮೇಲೆ ನಿಂತು ಕೆಲಸ ಮಾಡಲು ಹಲಗೆ ಹಾಸಿದ್ದರು. ಕೆಳಗೆ ನಾಲ್ಕು ಚಕ್ರ. ಶಾಲೆಗೆಂದು ಕೊಳ್ಳಲು ಬಂದಿದ್ದ ಮೃಣಾಲಿನಿಯ ಕಣ್ಣಿಗೆ ಅದು ಹೊಸದಾಗಿ, ಗಟ್ಟಿಯಾಗಿಯೇ ಕಂಡಿತು.

"ಇದಕ್ಕೇನಾಗೇದ?"

"ಕೆಳಗಿನ ಫ್ರೇಮ್ ಒಂದು ಕಂಪನೀದು, ಮ್ಯಾಲಿಂದು ಇನ್ನೊಂದು ಕಂಪನೀದು. ಪಾಲಿಶ್ ಹೊಡದು ಕೂಡಿಸ್ಯಾರ. ಈ ಕೊಕ್ಕಿ ಪೂರಾ ಕೂತಿಲ್ಲ, ನೋಡ್ರಿ." ಸರಳಿನ ತುದಿಯ ಕೊಕ್ಕೆಯ ಸಂದಿಯಲ್ಲಿ ಉಗುರು ತೂರಿಸಿ ತೋರಿಸಿದ. "ಮ್ಯಾಲೆ ಮನಶ್ಯಾ ಅತ್ತಿತ್ತ ಹೊಳ್ಳಿದ ಅಂದ್ರ ಕಳಚಿಕೊಂತೈತಿ."

ಅವಳು ಬಗ್ಗಿ ನೋಡಿದಳು. ಕೂದಲೆಳೆಯಷ್ಟು ಸಂದಿ. ಅದು ದೋಷವೋ, ಇರಬೇಕಾದದ್ದೋ ಅವಳಿಗೆ ತಿಳಿಯಲಿಲ್ಲ. ಅಂಗಡಿಯವನು ಹಿಂದಿಯಲ್ಲಿ, ಸರ್ಟಿಫಿಕೇಟು ಇದೆ, ಐದುನೂರು ಕಡೆ ಇದೇ ಮಾಲು ಕೊಟ್ಟಿದ್ದೇವೆ ಎಂದು ಹೇಳಿ, ವೈಜನಾಥನ ಕಡೆ ಒಂದು ಥರ ನಕ್ಕ. ನಿನ್ನ ಆಟ ನನಗೆ ಗೊತ್ತು ಎನ್ನುವಂಥ ಆ ನಗು ಮೃಣಾಲಿನಿಯ ತಲೆಯಲ್ಲಿ ಉಳಿಯಿತು.

ಇದು ಮೂರನೆಯದು. ಮೊದಲ ಅಂಗಡಿಯಲ್ಲಿ ಒಂದು ಚಕ್ರದ ಬ್ರೇಕು ಹಿಡಿಯುವುದಿಲ್ಲ ಎಂದಿದ್ದ. ಎರಡನೆಯ ಕಡೆ ಬೆಸುಗೆಯ ಮೇಲೆ ಪುಟ್ಟಿ ತುಂಬಿದ್ದಾರೆ ಎಂದಿದ್ದ. ಶಾಲೆಯ ಜೀಪಿನಲ್ಲಿ ಲಿಂಗಂಪಲ್ಲಿಗೆ ಮರಳುವಾಗ, ಕೂಕಟಪಲ್ಲಿಯ ಟ್ರಾಫಿಕ್ಕಿನಲ್ಲಿ ನಿಂತಿದ್ದ ಹೊತ್ತು, ಅವನೇ ಮೆಲ್ಲಗೆ ಬಾಯಿಬಿಟ್ಟ.

"ಬಾಲಾನಗರದಾಗೇ ಸತ್ತಯ್ಯ ಅಂತ ಒಬ್ಬರದು ಸಣ್ಣ ಅಂಗಡಿ ಐತ್ರಿ. ಅವರಂತ್ಯಾಕ ಒಂದು ಚಲೋ ಟವರ್ ಐತಿ."

"ಮೂರು ವಾರದಿಂದ ಅಡ್ಡಾಡ್ಲಿಕತ್ತೀವಿ. ಇವತ್ತು ನೆನಪಾತೇನು ನಿನಗ?"

ವೈಜನಾಥ ಕಿಟಕಿಯ ಕಡೆ ಮುಖ ತಿರುಗಿಸಿದ.

ಮೃಣಾಲಿನಿ ಆ ಶಾಲೆಯ ಆಡಳಿತಾಧಿಕಾರಿಯಾಗಿ ಹನ್ನೊಂದು ವರ್ಷವಾಗಿತ್ತು. ಕಲಬುರಗಿಯಿಂದ ಸರಕಾರಿ ನೌಕರಿಗೆಂದು ಬಂದ ಅಜ್ಜನ ಕಾಲದಿಂದ ಅವರ ಮನೆತನ ಹೈದರಾಬಾದಿನದೇ. ಮೊದಲು ಅವಳು ಹೀಗೆ ಎಲ್ಲರನ್ನೂ ಅನುಮಾನಿಸುವವಳಲ್ಲ. ಎರಡು ವರ್ಷದ ಹಿಂದೆ ಶಾಲೆಯ ಬಸ್ಸುಗಳಿಗೆ ಹೊಸ ಟಾಯರ್ ಎಂದು ಯಾರೋ ರಬ್ಬರು ಮೆತ್ತಿದ ಹಳೆಯ ಟಾಯರು ಹಾಕಿ ಹೋಗಿದ್ದರು. ಒಂದು ಟಾಯರು ಮಕ್ಕಳಿದ್ದಾಗಲೇ ಪಟಾನ್‌ಚೆರು ರಸ್ತೆಯಲ್ಲಿ ಸಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಪ್ಪಿಗೆಯ ಕಾಗದದ ಮೇಲೆ ಇದ್ದದ್ದು ಅವಳ ಸಹಿ. ಆಮೇಲಿನಿಂದ ಸೀಮೆಸುಣ್ಣದ ಡಬ್ಬಿ ಬಂದರೂ ಅವಳು ಬಿಚ್ಚಿ ನೋಡುತ್ತಿದ್ದಳು.

ಈಗ ಸಭಾಂಗಣದ ದೀಪಗಳನ್ನೆಲ್ಲ ಬದಲಿಸಬೇಕಿತ್ತು. ಛಾವಣಿ ಮೂರು ಆಳಿಗಿಂತ ಎತ್ತರ. ಇಷ್ಟು ವರ್ಷ ಬೆಂಚಿನ ಮೇಲೆ ಏಣಿ ಇಟ್ಟು ಹೇಗೋ ನಡೆದಿತ್ತು. ಇನ್ನು ಹಾಗೆ ಬೇಡ, ಸರಿಯಾದ ಟವರ್ ಕೊಳ್ಳಿ ಎಂದು ಆಡಳಿತ ಮಂಡಳಿ ಹೇಳಿತ್ತು. ಜೂನಿನಲ್ಲಿ ಶಾಲೆ ತೆರೆಯುವುದರೊಳಗೆ ಕೆಲಸ ಮುಗಿಯಬೇಕು. ಹತ್ತುವವನು ವೈಜನಾಥನೇ. ಲಿಂಗಸುಗೂರಿನ ಕಡೆಯವನು, ಐವತ್ತು ದಾಟಿದ ಎಲೆಕ್ಟ್ರಿಷಿಯನ್, ಶಾಲೆ ಕಟ್ಟಿದ ದಿನದಿಂದ ಇದ್ದವನು. ಹತ್ತುವವನೇ ಆರಿಸಲಿ ಎಂದು ಅವನನ್ನು ಜೊತೆಗೆ ಕರೆದೊಯ್ದಿದ್ದು ಅವಳೇ.

ಮರುದಿನ ಬೆಳಿಗ್ಗೆ ಖರೀದಿ ವಿಭಾಗದ ಉಪೇಂದ್ರ ಅವಳ ಕೋಣೆಯ ಬಾಗಿಲು ತಳ್ಳಿ ಒಳಗೆ ಬಂದ.

"ಮೂರನೇದೂ ಪಾಸಾಗಲಿಲ್ಲಂತಲ್ರಿ ಮೇಡಂ?"

"ಇಲ್ಲ."

"ನಾ ಹೇಳಬಾರದು. ವೈಜನಾಥ ನಮ್ಮವನೇ." ಉಪೇಂದ್ರ ಮೇಜಿನ ಮೇಲಿನ ಪೇಪರ್‌ವೇಟನ್ನು ಅರ್ಧ ಸುತ್ತು ತಿರುಗಿಸಿದ. "ಪ್ರತಿ ಆದಿತ್ಯವಾರ ಬಾಲಾನಗರದಾಗ ಸತ್ತಯ್ಯನ ಅಂಗಡ್ಯಾಗ ಇರ್ತಾನ. ನಮ್ಮ ತಮ್ಮನ ಮನಿ ಅಲ್ಲೇ ಅದ. ಎರಡು ಸಲ ಕಣ್ಣಾರೆ ನೋಡೀನಿ. ಎಲೆಕ್ಟ್ರಿಷಿಯನ್‌ಗೆ ಟವರ್ ಅಂಗಡ್ಯಾಗ ರಜಾದ ದಿನ ಏನು ಕೆಲಸ ಇರ್ತದ ಹೇಳ್ರಿ?"

"ಮತ್ತ ಮೊದಲೇ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ನನ್ನ ಮ್ಯಾಲೆನೇ ಸಂಶೆ ತಗೋತಿದ್ರಿ."

ಅದು ನಿಜವೇ ಆಗಿತ್ತು. ಅವನು ಹೋದ ಮೇಲೆ ಅವಳು ಉಪೇಂದ್ರನಿಗೆ ಬೇರೆ ಯಾವ ಅಂಗಡಿಯವನಾದರೂ ಗೊತ್ತಿರಬಹುದೇ ಎಂದು ಒಂದಿಷ್ಟು ಹೊತ್ತು ಯೋಚಿಸಿದಳು. ಆದರೆ ಜೀಪಿನಲ್ಲಿ ಮುಖ ತಿರುಗಿಸಿದ್ದು ವೈಜನಾಥ. ಚಕ್ರ, ಬೆಸುಗೆ, ಕೊಕ್ಕೆ. ಒಂದೊಂದನ್ನೇ ತೆಗೆದು ಹಾಕಿ, ಕೊನೆಗೆ ತನ್ನವನ ಹೆಸರು. ಟಾಯರಿನವನೂ ಹೀಗೇ ನಿಧಾನವಾಗಿ, ಮರ್ಯಾದೆಯಿಂದಲೇ ಮಾತಾಡಿದ್ದ.

ಭಾನುವಾರ ಮನೆಯಲ್ಲಿ ಏನೋ ನೆವ ಹೇಳಿ ಅವಳು ಮಿಯಾಪುರದವರೆಗೆ ಆಟೋದಲ್ಲಿ, ಅಲ್ಲಿಂದ ಮೆಟ್ರೋದಲ್ಲಿ ಬಾಲಾನಗರಕ್ಕೆ ಹೋದಳು. ಕೇಳುತ್ತ ಕೇಳುತ್ತ ಎರಡು ಗಲ್ಲಿ ದಾಟಿದಾಗ ಸತ್ತಯ್ಯನ ಅಂಗಡಿ ಸಿಕ್ಕಿತು. ಮುಂಬಾಗಿಲು ಅರ್ಧ ತೆರೆದಿತ್ತು. ಒಳಗೆ ಬನಿಯನ್ನಿನ ಮೇಲೆ ಟವಲು ಹೊದ್ದ ಅರವತ್ತರ ಮನುಷ್ಯ ಬಾಡಿಗೆಯಿಂದ ಮರಳಿದ ಸರಳುಗಳನ್ನು ಒರೆಸುತ್ತ ಕೂತಿದ್ದ. ವೈಜನಾಥ ಇದ್ದಾನೆಯೇ ಎಂದು ಅವಳು ತೆಲುಗಿನಲ್ಲಿ ಕೇಳಿದಳು.

ಸತ್ತಯ್ಯ ಅವಳನ್ನು ತಲೆಯಿಂದ ಕಾಲವರೆಗೆ ನೋಡಿದ. "ನೀವು ಅವನ ಶಾಲೆಯವರಾ?" ಎಂದು ಕೇಳಿದ. ಹೌದೆಂದಾಗ ಅವನ ಮುಖ ಯಾಕೋ ಬಿಗಿಯಾಯಿತು. ಹಿಂದಿನ ಅಂಗಳದ ಕಡೆ ಕೈ ತೋರಿಸಿ, ಕೂಗಬೇಡಿ, ಅವನನ್ನು ಬೆಚ್ಚಿಸಬೇಡಿ ಎಂದಷ್ಟೇ ಹೇಳಿದ.

ಅಂಗಳದಲ್ಲಿ ಒಂದು ಟವರ್ ಕಟ್ಟಿತ್ತು. ನಾಲ್ಕು ಮೂಲೆಗೂ ಹೊರಕ್ಕೆ ಚಾಚಿದ ಆಸರೆಗಾಲುಗಳು. ಅದರ ಒಳಮೈ ಏಣಿಯ ಐದನೆಯ ಮೆಟ್ಟಿಲ ಮೇಲೆ ವೈಜನಾಥ ನಿಂತಿದ್ದ. ಎರಡೂ ತೋಳಿನಿಂದ ಫ್ರೇಮನ್ನು ತಬ್ಬಿ, ಹಣೆಯನ್ನು ಸರಳಿಗೆ ಒತ್ತಿಕೊಂಡಿದ್ದ. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿತ್ತು. ಎಡಗಾಲು ಮೇಲಿನ ಮೆಟ್ಟಿಲಿಗೆ ಹೋಗಲು ಏಳುತ್ತಿತ್ತು, ಗಾಳಿಯಲ್ಲಿ ನಡುಗುತ್ತಿತ್ತು, ಮತ್ತೆ ಅಲ್ಲೇ ಇಳಿಯುತ್ತಿತ್ತು. ಮೂರು ಸಲ ಹೀಗಾಯಿತು. ಆಮೇಲೆ ಅವನು ಮೆಟ್ಟಿಲು ಮೆಟ್ಟಿಲಾಗಿ, ಕುರುಡರು ತಡಕುವಂತೆ ಕಾಲಿಂದ ತಡಕುತ್ತ ಇಳಿದು, ಹೊರಗೆ ಬಂದು, ಅವಳನ್ನು ಕಂಡ.

ಅವನು ಓಡಿಹೋಗಬಹುದು ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಅವನು ಓಡಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡು ಅಲ್ಲೇ ಬಿದ್ದಿದ್ದ ಹಲಗೆಯ ಮೇಲೆ ಕೂತ.

"ಯಾವಾಗಿಂದ?" ಎಂದು ಕೇಳಿದಳು.

"ಡಿಸೆಂಬರ್‌ದಿಂದರಿ. ಸಾಲಿ ವಾರ್ಷಿಕ ಗ್ಯಾದರಿಂಗ್ ಮುಂದ ಸ್ಟೇಜಿನ ಲೈಟ್ ಹೋಗಿತ್ತಲ್ರಿ? ಬೆಂಚ್ ಸರೀತು. ಪಡದಾ ಹಿಡಕೊಂಡು ಜೋತುಬಿದ್ದೆ, ಅದು ಹರೀತು. ಕೆಳಗ ಹುಡುಗರ ಚಾಪಿ ಇದ್ದವು, ಅದಕ್ಕ ಉಳದೆ. ಪಕ್ಕಡಿ ಎರಡು ಎಲಬು ಸೀಳಿದ್ದವು. ಆಗ ಅಲ್ಲಿ ಯಾರೂ ಇದ್ದಿಲ್ಲರಿ."

"ನೀ ಮೈದುನನ ಮದುವಿ ಅಂತ ರಜಾ ತಗೊಂಡಿದ್ದಿ."

"ಮದುವಿ ಇರಲಿಲ್ಲರಿ."

ಆ ರಜೆಯ ಅರ್ಜಿಗೆ ಸಹಿ ಹಾಕಿದ್ದು ಅವಳಿಗೆ ನೆನಪಿತ್ತು. ಅದಕ್ಕೂ ಹಿಂದಿನ ದಿನ ಫೋನಿನಲ್ಲಿ ತಾನು ಹೇಳಿದ್ದೂ ನೆನಪಾಯಿತು. ಹತ್ತು ನಿಮಿಷದ ಕೆಲಸ, ಬೆಂಚಿಟ್ಟು ಹತ್ತಿ ಮುಗಿಸಿಬಿಡು, ಅತಿಥಿಗಳು ಬರುವ ಹೊತ್ತಾಯಿತು ಎಂದಿದ್ದಳು. ವೈಜನಾಥ ಆ ಮಾತು ಎತ್ತಲಿಲ್ಲ. ಅವನಿಗೆ ಮರೆತಿರಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅಂದ್ರ ಆ ಮೂರು ಟವರಿನಾಗೂ ತಪ್ಪು ತಗದಿದ್ದು ಹತ್ತಬಾರದು ಅಂತ," ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಆ ದೋಷ ಎಲ್ಲಾ ಸುಳ್ಳು."

"ಸುಳ್ಳಲ್ಲರಿ." ಅವನು ಮೊದಲ ಸಲ ನೆಟ್ಟಗೆ ಅವಳ ಕಡೆ ನೋಡಿದ. "ದಿನ ಮುಂದಕ್ಕ ಹೋದ್ರ ಚಲೋ ಆತು ಅಂತ ಒಳಗ ಅನಸ್ತಿತ್ತು, ಇಲ್ಲ ಅನ್ನಂಗಿಲ್ಲ. ಖರೇ ಹೇಳ್ತೀನಿ, ಅವು ಮೂರೂ ಕೆಟ್ಟ ಮಾಲು. ಮೊದಲ ಆಗಿದ್ರ ನಾ ಅಂಥಾವು ನೋಡತಿದ್ದಿಲ್ಲ, ಕಂಡದ್ದರ ಮ್ಯಾಲೆ ಏರಿ ನಿಂದರತಿದ್ದೆ. ಈಗ ಅಂಜಿಕಿ ಬಂದೈತಿ. ಬೋಲ್ಟ್ ಬೋಲ್ಟ್ ಕಾಣ್ತಾವ."

"ಇದು?"

"ಇದು ಚಲೋ ಐತಿ. ಐದು ವಾರ ಇದರ ಮ್ಯಾಲೆ ನಡಗೀನಿ, ಒಂದು ಕೀಲೂ ಸಪ್ಪಳ ಮಾಡಿಲ್ಲ." ಎದ್ದು ಒಂದೊಂದನ್ನೇ ತೋರಿಸಿದ. ಎಲ್ಲ ಫ್ರೇಮಿನ ಮೇಲೂ ಒಂದೇ ಕಂಪನಿಯ ಮುದ್ರೆ. ಎಷ್ಟು ಭಾರ ತಾಳುತ್ತದೆ ಎಂದು ಕೊರೆದ ಪಟ್ಟಿ. ಹಲಗೆಯ ಸುತ್ತ ಸೊಂಟದೆತ್ತರದ ಕಟಕಟೆ, ಸಾಮಾನು ಕೆಳಗೆ ಉರುಳದಂತೆ ಅಂಚಿನ ಪಟ್ಟಿ. ಒಳಗಿಂದಲೇ ಹತ್ತಿ ಮೇಲೆ ತೂರಿಕೊಳ್ಳಲು ಹಲಗೆಯಲ್ಲೇ ತೆರೆದು ಮುಚ್ಚುವ ಬಾಗಿಲು. ಬ್ರೇಕು ಹಾಕಿ, ಅವಳನ್ನೇ ನೂಕಲು ಹೇಳಿದ. ಅವಳು ಎರಡೂ ಕೈ ಊರಿ ನೂಕಿದಳು. ಟವರ್ ಅಲುಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸತ್ತಯ್ಯ ತನಗೂ ಮೊದಲು ಅನುಮಾನವಿತ್ತು ಎಂದ. ಯಾವನೋ ಪಾರ್ಟು ಕದಿಯಲು ಬಂದಿದ್ದಾನೆ ಎಂದುಕೊಂಡು ಎರಡು ವಾರ ಕಾದು ಕೂತಿದ್ದನಂತೆ.

"ಬಾಯಾರ," ಎಂದ ವೈಜನಾಥ, ತಗ್ಗಿದ ದನಿಯಲ್ಲಿ. "ಇನ್ನೆರಡು ವಾರ ಕೊಟ್ರ ಹತ್ತತೀನ್ರಿ. ಸಾಲಿಯೊಳಗ ಹೇಳಬ್ಯಾಡ್ರಿ. ಹತ್ತಲಾರದ ಎಲೆಕ್ಟ್ರಿಷಿಯನ್‌ನ ಯಾರು ಇಟ್ಕೋತಾರ?"

ಅವಳು ಅವನ ಕಾಲುಗಳನ್ನು ನೋಡಿದಳು. ನೆಲದ ಮೇಲೆ ನಿಂತಿದ್ದರೂ ಎಡಗಾಲಿನ ನಡುಕ ಇನ್ನೂ ಪೂರ್ತಿ ನಿಂತಿರಲಿಲ್ಲ.

"ನೀ ಹತ್ತೂದು ಬ್ಯಾಡ," ಎಂದಳು.

ಅವನ ಮುಖ ಕಪ್ಪಿಟ್ಟಿತು. ಅವಳು ಮುಂದಿನ ಮಾತಿಗೆ ತಡಕಾಡಿದಳು. "ಕಟ್ಟೂದು, ತಪಾಸ ಮಾಡೂದು ನಿಂದು. ಹತ್ತಲಿಕ್ಕೆ ಹೊರಗಿಂದ ಕಲಿತ ಮನಶ್ಯಾನ್ನ ಕರಸ್ತೀನಿ. ನೀ ಹೂಂ ಅನ್ನೂತನಾ ಅವ ಕಾಲಿಡಂಗಿಲ್ಲ. ಹಂಗಂತ ಬರದ ಹಾಕ್ತೀನಿ."

ಸೋಮವಾರ ಅವಳು ಹಾಗೆಯೇ ಬರೆದಳು. ಸತ್ತಯ್ಯನ ಟವರನ್ನು ಆರಿಸಿ, ಕೆಳಗೆ ಸಹಿ ಹಾಕಿದಳು. ಕಾಗದ ತೆಗೆದುಕೊಳ್ಳಲು ಬಂದ ಉಪೇಂದ್ರ ಅದನ್ನು ನಿಂತಲ್ಲೇ ಓದಿದ. ಎರಡನೆಯ ಸಲವೂ ಓದಿದ.

"ಸತ್ತಯ್ಯಂದೇ ಗಟ್ಟಿ ಆತೇನ್ರಿ?"

"ಹೌದು. ನಾನೇ ನೋಡಿ ಬಂದೆ."

"ಗೊತ್ತದರಿ. ಆದಿತ್ಯವಾರ ನೀವು ಆ ಗಲ್ಲ್ಯಾಗ ಹೊಂಟಿದ್ದು ನಮ್ಮ ತಮ್ಮ ನೋಡಿದಾನ." ಉಪೇಂದ್ರನ ದನಿಯಲ್ಲಿ ಒರಟುತನ ಇರಲಿಲ್ಲ. ಕಾಗದದಿಂದ ಕಣ್ಣೆತ್ತಿ ಅವಳ ಕಡೆ ನೋಡಿದ ಅಷ್ಟೆ. "ವೈಜನಾಥಗ ಹತ್ತೂ ಕೆಲಸಾನೂ ತಪ್ಪಿಸೀರಿ. ಯಾಕಂತ ಕಮಿಟಿಯವರು ಕೇಳ್ತಾರ. ನಾ ಏನಂತ ಹೇಳ್ಲಿ?"

ವೈಜನಾಥನ ಅಂಜಿಕೆಯ ಬಗ್ಗೆ ಹೇಳಬೇಕಾದ ಒಂದು ವಾಕ್ಯ ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಉಪೇಂದ್ರನ ಕಣ್ಣಿನ ಆ ಅನುಮಾನ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಜೆಯೊಳಗೆ ಇಡೀ ಶಾಲೆಗೆ ಸುದ್ದಿ ಮುಟ್ಟುತ್ತಿತ್ತು.

"ನನ್ನ ತೀರ್ಮಾನ ಅಂತ ಹೇಳ್ರಿ," ಎಂದಳು.

"ಆತು ಬಿಡ್ರಿ," ಎಂದು ಉಪೇಂದ್ರ ಕಾಗದ ಮಡಚಿಕೊಂಡು ಹೋದ. ಮಧ್ಯಾಹ್ನ ಊಟದ ಕೋಣೆಗೆ ಅವಳು ಹೋದಾಗ ಮೇಜಿನ ಆ ತುದಿಯಲ್ಲಿ ಏನೋ ಮಾತು ನಡೆದಿತ್ತು. ಅವಳು ಡಬ್ಬಿ ಬಿಚ್ಚುವಷ್ಟರಲ್ಲಿ ನಿಂತಿತು.

ಮೇ ಕೊನೆಯ ವಾರ ಟವರ್ ಬಂತು. ವೈಜನಾಥ ಕೆಳಗಿನ ಹಂತವನ್ನು ತಾನೇ ಕಟ್ಟಿದ. ಮೇಲಿನ ಹಂತಗಳಿಗೆ ಯಾದಗಿರಿ ಎಂಬ ಹೊರಗಿನ ಎಲೆಕ್ಟ್ರಿಷಿಯನ್ ಹಲಗೆಯ ಮೇಲೆ ನಿಂತು, ಇವನು ಕೊಟ್ಟ ಸರಳುಗಳನ್ನು ಇವನು ಹೇಳಿದ ಹಾಗೆ ಸಿಕ್ಕಿಸಿದ. ಒಂದು ಕೊಕ್ಕೆಯನ್ನು ವೈಜನಾಥ ಎರಡು ಸಲ ಬಿಚ್ಚಿಸಿ ಮತ್ತೆ ಹಾಕಿಸಿದ. ಯಾದಗಿರಿ ತೆಲುಗಿನಲ್ಲಿ ಗೊಣಗಿದ. ವೈಜನಾಥ ಅದಕ್ಕೆ ಕಿವಿಗೊಡದೆ ನಾಲ್ಕೂ ಚಕ್ರದ ಬ್ರೇಕು ತುಳಿದು ನೋಡಿ, ಆಸರೆಗಾಲುಗಳನ್ನು ಕೈಯಿಂದ ಅಲುಗಿಸಿ, ಆಮೇಲೆ ಹೂಂ ಎಂದ.

ಮೃಣಾಲಿನಿ ಸಭಾಂಗಣದ ಬಾಗಿಲಿಗೆ ಬಂದಾಗ ಒಳಗೆ ಅರೆಗತ್ತಲು. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಛಾವಣಿಯ ಹತ್ತಿರ ಯಾದಗಿರಿಯ ಟಾರ್ಚು ಅಲ್ಲಾಡುತ್ತಿತ್ತು, ಸ್ಕ್ರೂ ತಿರುಗುವ ಸದ್ದು ಕೇಳುತ್ತಿತ್ತು. ಕೆಳಗೆ ವೈಜನಾಥ ಟವರಿಗೆ ಮೈ ತಾಗುವಷ್ಟು ಹತ್ತಿರ ನಿಂತು, ಅಂಗೈಯನ್ನು ಫ್ರೇಮಿನ ಮೇಲೆ ಚಪ್ಪಟೆಯಾಗಿ ಇಟ್ಟಿದ್ದ. ಮೇಲಿನವನು ಒಂದು ಹೆಜ್ಜೆ ಸರಿದರೆ ಅವನ ಬೆರಳುಗಳು ಸ್ವಲ್ಪ ಬಿಗಿಯುತ್ತಿದ್ದವು, ಮತ್ತೆ ಸಡಿಲಾಗುತ್ತಿದ್ದವು.

ಮೊದಲ ದೀಪ ಹತ್ತಿತು. ನೆಲದ ಮೇಲೆ ಟವರಿನ ನೆರಳು ಉದ್ದಕ್ಕೆ ಬಿತ್ತು. ಎರಡನೆಯದು ಹತ್ತಿದಾಗ ಅವನ ತಲೆಯ ಬಿಳಿಗೂದಲೂ ಹೆಗಲಿನ ಧೂಳೂ ಕಂಡವು. ಮೇಲಿಂದ ಯಾದಗಿರಿ ಏನೋ ಕೂಗಿದ. ವೈಜನಾಥ ತಲೆ ಎತ್ತಲಿಲ್ಲ. ಕೈ ತೆಗೆಯದೆ, ಚಕ್ರಗಳ ಕಡೆಗೇ ನೋಡುತ್ತ ನಿಂತಿದ್ದ.