ಮೂರನೆಯ ‘ಹಾಕು’

ನಮ್ಮ ಅಂಗಡಿಯಲ್ಲಿ ಸ್ವಿಚ್ ಹಾಕುವುದಕ್ಕೆ ಒಂದು ಕ್ರಮವಿದೆ. ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತಿ ಮತ್ತೆ ಓಡುವಂತೆ ಮಾಡುವುದು ನಮ್ಮ ಕಸುಬು. ಸುತ್ತಿ ಮುಗಿದ ಮೇಲೆ ಕರೆಂಟು ಕೊಟ್ಟು ನೋಡಬೇಕಲ್ಲ, ಆಗ ಸ್ವಿಚ್ಚಿನ ಮೇಲೆ ಕೈಯಿಟ್ಟವರು ಮೊದಲು ಪೂರ್ತಿ ಹಿಂದಕ್ಕೆ ತಿರುಗಬೇಕು. ಅಲ್ಲಿರುವ ಪ್ರತಿಯೊಬ್ಬರ ಮುಖ ನೋಡಬೇಕು. ಪ್ರತಿಯೊಬ್ಬರೂ ಬಾಯಿ ಬಿಟ್ಟು ‘ಹಾಕು’ ಅನ್ನಬೇಕು. ತಲೆಯಾಡಿಸಿದರೆ ಸಾಲದು, ‘ಹೂಂ’ ಅಂದರೂ ಸಾಲದು. ಒಬ್ಬರು ಸುಮ್ಮನಿದ್ದರೂ ಕರೆಂಟಿಲ್ಲ. ಇದು ಅಪ್ಪ ಮಾಡಿದ ಕಾನೂನು. ಸಾಕ್ಷಾತ್ ದೇವರೇ ಬಂದು ನಿಂತರೂ ‘ಹಾಕು’ ಅನ್ನದೆ ಅವನಿಗೆ ಬಿಡುಗಡೆಯಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ಈಗ ಅಂಗಡಿಯಲ್ಲಿ ನಾವಿಬ್ಬರೇ. ಅಪ್ಪ ತಿರುಗುತ್ತಾರೆ, ನನ್ನ ಮುಖ ನೋಡುತ್ತಾರೆ, ನಾನು ‘ಹಾಕು’ ಅನ್ನುತ್ತೇನೆ. ಆಮೇಲೆ ಅವರ ಕಣ್ಣು ವಾರ್ನಿಷ್ ಡಬ್ಬಗಳ ಪಕ್ಕದ ಮರದ ಸ್ಟೂಲಿನ ಕಡೆ ಹೋಗುತ್ತದೆ. ನನ್ನ ತಮ್ಮ ಕೂರುತ್ತಿದ್ದದ್ದು ಅದರ ಮೇಲೆ. ಅಪ್ಪ ಕಾಯುತ್ತಾರೆ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಸ್ವಿಚ್ ಹಾಕುತ್ತಾರೆ. ಆ ಒಂದು ಉಸಿರಿನಲ್ಲಿ ನನ್ನ ಬೆನ್ನು ತಣ್ಣಗಾಗುತ್ತದೆ. ಯಾಕೆಂದರೆ ನಾನೂ ಕಿವಿಗೊಟ್ಟು ಕಾಯುತ್ತಿರುತ್ತೇನೆ.

ತಮ್ಮನ ಜೀವ ತೆಗೆದದ್ದೂ ಕರೆಂಟೇ. ನಾವು ಸುತ್ತಿಕೊಟ್ಟ ಪಂಪನ್ನು ಜೋಡಿಸಲು ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಗೆ ಒಬ್ಬನೇ ಹೋಗಿದ್ದ. ಮೇಲೆ ಸ್ವಿಚ್ಚಿನ ಹತ್ತಿರ ಇದ್ದವನು ಆ ಕಟ್ಟಡದ ಮ್ಯಾನೇಜರು. "ಸ್ವಿಚ್ ಹಾಕೋಕೆ ಅವನೇ ಕೂಗಿ ಹೇಳಿದ" ಎಂದು ಆತ ಎಲ್ಲರೆದುರು ಹೇಳಿದ. "ಗೇಮ್ ಹುಚ್ಚಿನ ಹುಡುಗ. ತಲೆ ಎಲ್ಲಿತ್ತೋ ಏನೋ" ಎಂದೂ ಸೇರಿಸಿದ. ನೆಲಮಾಳಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಆ ಮಾತೇ ನಿಂತಿತು.

ಬರಿ ತಂತಿ ಹಿಡಿದುಕೊಂಡು ತಾನೇ ಸ್ವಿಚ್ ಹಾಕಲು ಹೇಳಿದನೇ? ಅಪ್ಪ ಆ ಮಾತನ್ನು ನಂಬಿದರು ಅನ್ನಲಾರೆ, ನಂಬಲಿಲ್ಲ ಅನ್ನಲೂ ಆರೆ. ಬಿಸಿ ತುಪ್ಪದ ಹಾಗೆ ಅದು ಅವರ ಬಾಯಲ್ಲೇ ಉಳಿಯಿತು. ಮಗ ಹೋದ ಎನ್ನುವುದು ಒಂದು ದುಃಖ. ಮಗ ಕಾನೂನು ಮರೆತು ಹೋದನೇ ಎನ್ನುವುದು ಅವರನ್ನು ಒಳಗಿನಿಂದ ತಿನ್ನುತ್ತಿತ್ತು. ನನಗೋ, ಆ ಮ್ಯಾನೇಜರನ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತದೆ. ಆದರೆ ಉರಿ ಇಟ್ಟುಕೊಂಡು ಯಾರಿಗೆ ಏನು ತೋರಿಸಲಿ?

ಹೀಗಿರುವಾಗ ತಮ್ಮ ಆಡಲು ಹೋಗುತ್ತಿದ್ದ ಗೇಮಿಂಗ್ ಸೆಂಟರಿನ ಮಾಲೀಕ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಮೇಜಿನ ಮೇಲೆ ಒಂದು ಪೆನ್‌ಡ್ರೈವ್ ಇಟ್ಟ.

"ಸೆಂಟರ್ ಮುಚ್ಚಿಬಿಟ್ಟೆ ಮೇಡಂ. ಮಷೀನೆಲ್ಲ ಒಟ್ಟಿಗೆ ಮಾರಿದೆ. ನಿಮ್ಮ ತಮ್ಮ ಆಡಿದ ಆಟಗಳು ಇದರಲ್ಲಿವೆ. ಇದು ವಿಡಿಯೋ ಅಲ್ಲ, ಆ ಗೇಮ್ ಒಳಗೇ ತೆರೀಬೇಕು. ಅವನು ಎತ್ತ ತಿರುಗಿದ, ಎಲ್ಲಿ ನಿಂತ, ಎಲ್ಲ ಅವನ ಕಣ್ಣಿಂದಲೇ ಕಾಣುತ್ತೆ. ಮಾತು ಮಾತ್ರ ಇರಲ್ಲ."

"ನಮ್ಮ ಬಿಲ್ಲಿನ ಕಂಪ್ಯೂಟರಲ್ಲಿ ಓಡುತ್ತಾ?"

"ಅಯ್ಯೋ, ಅದರಲ್ಲಿ ಇಸ್ಪೀಟು ಓಡಿದರೆ ಹೆಚ್ಚು. ಗೇಮಿಂಗ್ ಮಷೀನೇ ಬೇಕು. ತಡ ಮಾಡಬೇಡಿ. ತಿಂಗಳ ಕೊನೆಗೆ ಗೇಮಿಗೆ ದೊಡ್ಡ ಅಪ್‌ಡೇಟ್ ಬರುತ್ತೆ. ಆಮೇಲೆ ಹಳೇ ಆಟಗಳು ಯಾವುದೂ ತೆರೆಯಲ್ಲ." ಹೋಗುವಾಗ ಬಾಗಿಲಲ್ಲಿ ನಿಂತು, "ನಾವೆಲ್ಲ ಅವನನ್ನ ಕಂಡಕ್ಟರ್ ಅಂತ ಕರೀತಿದ್ವಿ" ಎಂದ.

"ಯಾಕೆ?"

"ನೋಡಿ, ನಿಮಗೇ ಗೊತ್ತಾಗುತ್ತೆ."

ಅಪ್ಪ ಸುತ್ತುತ್ತಿದ್ದ ತಂತಿಯಿಂದ ತಲೆಯೆತ್ತಲಿಲ್ಲ. "ಅದನ್ನ ಮನೆಯೊಳಗೆ ತರಬೇಡ. ಅವನನ್ನ ತಿಂದದ್ದೇ ಅದು" ಎಂದರು.

ಬೇಡ ಎಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ. ತಂತಿ ಸುತ್ತುವ ಹೊಸ ಯಂತ್ರಕ್ಕೆಂದು ನಾನು ಎತ್ತಿಟ್ಟಿದ್ದ ಹಣವಿತ್ತು. ಅದನ್ನು ತೆಗೆದುಕೊಂಡು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗೆ ಹೊರಟೆ. ಚಪ್ಪಲಿ ಮೆಟ್ಟುವಾಗ ನೋಡಿದರೆ ಅಪ್ಪನೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. "ನಿನಗೆ ಟೋಪಿ ಹಾಕ್ತಾರೆ, ಅದಕ್ಕೆ ಬರ್ತಿದೀನಿ. ಬೇರೇನಕ್ಕೂ ಅಲ್ಲ" ಎಂದರು.

ಆ ಅಂಗಡಿಯೋ, ಬಣ್ಣಬಣ್ಣದ ದೀಪಗಳ ಜಾತ್ರೆ. ಫ್ಯಾನಿಗೆ ದೀಪ, ಕೀಬೋರ್ಡಿಗೆ ದೀಪ, ರ‍್ಯಾಮ್ ಎನ್ನುವ ನೆನಪಿನ ಪಟ್ಟಿಗೂ ದೀಪ. ಮಾರುವವನು ನಮ್ಮನ್ನು ನೋಡಿದ್ದೇ ಗಾಜಿನ ಕ್ಯಾಬಿನೆಟ್ಟೊಂದನ್ನು ಮುಂದಕ್ಕೆ ತಳ್ಳಿದ. ಮೊದಲ ಸಲ ಕಂಪ್ಯೂಟರ್ ಕಟ್ಟುವವರೆಲ್ಲ ಇದನ್ನೇ ಒಯ್ಯುತ್ತಾರಂತೆ. ಆಗ ನನ್ನ ಕಿವಿಯ ಹತ್ತಿರ ತಮ್ಮ ಹೇಳಿದ, ಬೆಳಕಿಗೆ ದುಡ್ಡು ಹಾಕಬಾರದು ಅಕ್ಕಾ.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದು ನೆನಪು ಎಂದು ನನಗೆ ಗೊತ್ತು. ಊಟಕ್ಕೆ ಕೂತಾಗೆಲ್ಲ ಅವನಿಗೆ ಇದೇ ಮಾತು. ಕಟ್ಟದೆ ಇದ್ದ ಕಂಪ್ಯೂಟರನ್ನು ಅನ್ನ ಕಲಸುತ್ತಲೇ ಸಾವಿರ ಸಲ ಕಟ್ಟಿದ್ದ. ಆದರೂ ಅಷ್ಟು ಹತ್ತಿರದಿಂದ, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವ ಅದೇ ದನಿಯಲ್ಲಿ ಕೇಳಿತು.

"ದೀಪ ಇಲ್ಲದ್ದು ತೋರಿಸಿ" ಎಂದೆ.

ಆಮೇಲೆ ನನಗೆ ಕಷ್ಟವಾಗಲಿಲ್ಲ. ಎರಡು ಪ್ರೊಸೆಸರುಗಳನ್ನು ಮುಂದಿಟ್ಟರೆ, ಚಿಕ್ಕದು ಸಾಕು, ಉಳಿದ ದುಡ್ಡನ್ನ ಗ್ರಾಫಿಕ್ಸ್ ಕಾರ್ಡಿಗೆ ಹಾಕು ಎನ್ನುವನು. ಎಲ್ಲ ಭಾಗಗಳನ್ನೂ ಸಿಕ್ಕಿಸುವ ಮದರ್‌ಬೋರ್ಡಿನ ದೊಡ್ಡ ಪೆಟ್ಟಿಗೆ ತೋರಿಸಿದರೆ, ಅಷ್ಟೊಂದು ತೂತು ಯಾಕೆ, ಇಲಿ ಸಾಕ್ತೀಯಾ ಎನ್ನುವನು. ಒಂದು ದೊಡ್ಡ ರ‍್ಯಾಮಿಗಿಂತ ಎರಡು ಚಿಕ್ಕವು ಜೋಡಿಯಾಗಿ ಬೇಗ ಓಡುತ್ತವೆ ಎಂದು ನೆನಪಿಸುವನು. ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರಗಳನ್ನೆಲ್ಲ ಬಿಡಿಸುವ ಭಾಗ, ಹೊಸದು ನಮ್ಮ ಕೈಗೆಟುಕುವಂತಿರಲಿಲ್ಲ. ಬಳಸಿದ್ದು ತಗೋ, ಫ್ಯಾನ್ ನೋಡಿ ತಗೋ, ಎಂದ.

"ಬಳಸಿದ್ದೇ ಇರಲಿ, ಅಲ್ವಾ?" ಎಂದೆ.

"ಯಾರ ಹತ್ರ ಮಾತಾಡ್ತಿದೀರಿ ಮೇಡಂ?" ಎಂದ ಮಾರುವವನು. ಅಪ್ಪ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

ಬಳಸಿದ ಕಾರ್ಡುಗಳು ಬಂದಾಗ ಅಪ್ಪನಿಗೆ ಜೀವ ಬಂತು. ಒಂದೊಂದನ್ನೂ ಮೂಗಿಗೆ ಹಿಡಿದು ಮೂಸಿದರು, ಸುಟ್ಟ ವಾರ್ನಿಷಿನ ವಾಸನೆ ಇದೆಯೇ ಎಂದು. ಫ್ಯಾನನ್ನು ಕಿರುಬೆರಳಿನಿಂದ ತಿರುಗಿಸಿ ಕಿವಿಗೆ ಹಿಡಿದರು. ಗಿರಾಕಿಗಳೆಲ್ಲ ಕಣ್ಣರಳಿಸಿ ನೋಡಿದರು, ನಾನು ಗೋಡೆಯ ಕಡೆ ನೋಡಿದೆ. ಕೊನೆಗೆ ಒಂದನ್ನು ಪಕ್ಕಕ್ಕಿಟ್ಟು, "ಇದರ ಬೇರಿಂಗ್ ಚೆನ್ನಾಗಿದೆ" ಎಂದರು. ಪವರ್ ಸಪ್ಲೈಯಲ್ಲಿ ಅಗ್ಗದ್ದು ಕೇಳಿದ್ದಕ್ಕೆ ಮಾತ್ರ ನನ್ನ ಮೇಲೆ ಹರಿಹಾಯ್ದರು. "ಕರೆಂಟಲ್ಲಿ ಚೌಕಾಸಿ ಮಾಡ್ತೀಯಾ? ಈ ಮನೇಲಿ ಹುಟ್ಟಿ?" ಒಳ್ಳೆಯದನ್ನೇ ಆರಿಸಿ ದಾರಿಯುದ್ದಕ್ಕೂ ತಾವೇ ಹೊತ್ತು ತಂದರು.

ತಮ್ಮನ ಕೋಣೆಯ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದೆವು. ಸ್ಕ್ರೂ ತಿರುಗಿಸುವುದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಮುಗಿದಾಗ ಅಪ್ಪ ಸ್ವಿಚ್ಚಿನ ಮೇಲೆ ಕೈಯಿಟ್ಟು ಹಿಂದಕ್ಕೆ ತಿರುಗಿದರು. ನಾನು ‘ಹಾಕು’ ಎಂದೆ. ಅವರ ಕಣ್ಣು ಖಾಲಿ ಮಂಚದ ಕಡೆ ಹೋಯಿತು. ಕಾದರು. ಹಾಕಿದರು.

ಪೆಟ್ಟಿಗೆ ಗುಂಯ್ ಎಂದಿತು, ಪರದೆ ಬೆಳಗಿತು. ಕಾರ್ಡಿನ ಫ್ಯಾನು ಎರಡು ಸುತ್ತು ತಿರುಗಿ ನಿಂತುಬಿಟ್ಟಿತು. ಅಪ್ಪ ಹಾರಿಬಿದ್ದು ಪ್ಲಗ್ ಕಿತ್ತರು.

"ಕರೆಂಟ್ ಹೋಗ್ತಿದೆ, ಫ್ಯಾನ್ ತಿರುಗ್ತಿಲ್ಲ! ಸುಟ್ಟುಹೋಗುತ್ತೆ!"

ನಮ್ಮ ಕಸುಬಿನಲ್ಲಿ ಅದು ನಿಜವೇ. ಕರೆಂಟು ಕುಡಿದು ತಿರುಗದ ಮೋಟರು ಸುಡಲೇಬೇಕು, ಅಂಥವುಗಳನ್ನು ಸುತ್ತಿಯೇ ನಾವು ಹೊಟ್ಟೆ ಹೊರೆದದ್ದು. ಅಪ್ಪ ಫ್ಯಾನು ಬಿಚ್ಚಿದರು, ಎಣ್ಣೆ ಬಿಟ್ಟರು, ಮತ್ತೆ ಕೂಡಿಸಿದರು. ಮತ್ತೆ ಎರಡು ಸುತ್ತು, ಮತ್ತೆ ನಿಂತಿತು, ಮತ್ತೆ ಪ್ಲಗ್ ಕಿತ್ತರು. ಇದೇ ರಾಮಾಯಣದಲ್ಲಿ ದಿನಗಳು ಹೋದವು. ನಾನು ಗೇಮನ್ನು ಇಳಿಸಿಕೊಳ್ಳಲು ಹಚ್ಚಿದರೆ ಅರ್ಧದಲ್ಲಿ ಪ್ಲಗ್ ಮಾಯ. ಅಪ್‌ಡೇಟು ತಲೆಯ ಮೇಲೆ ಬಂದು ಕೂತಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. "ಅವನನ್ನ ನೋಡೋದು ನಿಮಗೆ ಬೇಡ, ಅದಕ್ಕೇ ಕೀಳ್ತಿದೀರಿ" ಎಂದು ಕೂಗಿಬಿಟ್ಟೆ.

ಅಪ್ಪ ಪ್ಲಗ್ಗನ್ನು ಕೈಯಲ್ಲಿ ಹಿಡಿದೇ ನಿಂತರು. "ಅವನು ಮೈಮರೆತು ಆಡೋದನ್ನ ನಾನು ಕಣ್ಣಾರೆ ಕಂಡರೆ, ಆ ಮ್ಯಾನೇಜರ್ ಹೇಳಿದ್ದು ನಿಜ ಆಗಿಬಿಡುತ್ತೆ" ಎಂದರು.

ನಾನು ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಕೊಂಡ ಅಂಗಡಿಗೇ ಒಯ್ದೆ. ಅಪ್ಪನೂ ಹಿಂದೆಯೇ ಬಂದರು. ಮಾರುವವನು ನಮ್ಮ ದೂರು ಕೇಳಿ ನಗು ತಡೆದುಕೊಂಡ. "ಸರ್, ಕೆಲಸ ಇಲ್ಲದಾಗ ಈ ಫ್ಯಾನ್ ತಿರುಗೋದೇ ಇಲ್ಲ. ಕಾರ್ಡ್ ಬಿಸಿ ಆದಾಗ ತಾನಾಗೇ ಶುರುವಾಗುತ್ತೆ. ಅದನ್ನ ಹಾಗೇ ಮಾಡಿರೋದು."

"ತಾನಾಗೇ?" ಎಂದರು ಅಪ್ಪ, ನಂಬಿಕೆಯಿಲ್ಲದೆ.

"ತಾನಾಗೇ ಸರ್. ಸ್ವಲ್ಪ ತಾಳ್ಮೆ ಇರಲಿ."

ಅಪ್‌ಡೇಟು ಮಾರನೆಯ ದಿನ ಎನ್ನುವಾಗ, ಸೆಂಟರಿನ ಮಾಲೀಕ ಫೋನಿನಲ್ಲಿ ಹೇಳಿಕೊಟ್ಟಂತೆ ಎಲ್ಲವನ್ನೂ ಸಿದ್ಧಮಾಡಿದೆ. ಬೆಳಗಿನ ಬಿಸಿಲು ಕೋಣೆಯ ತುಂಬ ಇತ್ತು. ಅಪ್ಪ ಪ್ಲಗ್ಗಿನ ಪಕ್ಕ ನೆಲದ ಮೇಲೆ ಕೂತರು, ಕೈ ಅದರ ಮೇಲೆಯೇ. ನಾನು ಮೊದಲ ಆಟ ತೆರೆದೆ.

ಪಾಳುಬಿದ್ದ ಕಟ್ಟಡವೊಂದರ ಒಳಗೆ ಉದ್ದನೆಯ ಓಣಿ. ನಾವು ಓಣಿಯನ್ನು ನೋಡುತ್ತಿರಲಿಲ್ಲ, ಅವನ ಕಣ್ಣಲ್ಲಿ ಕೂತು ನಡೆಯುತ್ತಿದ್ದೆವು. ಗೋಡೆಯ ಕಡೆ ಸ್ವಲ್ಪ ವಾಲಿ ನಡೆಯುವುದು, ಮೂಲೆ ಬಂದರೆ ತಡವರಿಸುವುದು, ಎಲ್ಲ ಅವನೇ. ಆಗ ಪೆಟ್ಟಿಗೆಯೊಳಗೆ ಮೆಲ್ಲಗೆ ಸದ್ದಾಯಿತು. ಯಾರೂ ಮುಟ್ಟದೆ ಇದ್ದ ಫ್ಯಾನು ತಿರುಗತೊಡಗಿತ್ತು. ಅಪ್ಪ ಪ್ಲಗ್ ಕೀಳದೆ ಪೆಟ್ಟಿಗೆಯ ಕಡೆ ಕಿವಿ ಚಾಚಿದರು.

ಎದುರಿಗೆ ಮುಚ್ಚಿದ ಬಾಗಿಲು ಬಂತು. ಅವನು ನಿಂತ. ಪರದೆಯ ಮೇಲಿನ ಲೋಕವೆಲ್ಲ ಗರ‍್ರನೆ ತಿರುಗಿತು, ಅವನು ಪೂರ್ತಿ ಹಿಂದಕ್ಕೆ ತಿರುಗಿದ್ದ. ಹಿಂದೆ ಬರುತ್ತಿದ್ದ ಜೊತೆಗಾರರಲ್ಲಿ ಒಬ್ಬನ ಮುಖದ ಮೇಲೆ ಕಣ್ಣು ನಿಂತಿತು. ಆಮೇಲೆ ಇನ್ನೊಬ್ಬನ ಮೇಲೆ. ದೂರದಿಂದ ಓಡಿಬರುತ್ತಿದ್ದ ಕೊನೆಯವನು ಹತ್ತಿರ ಬರುವವರೆಗೂ ಕಾದ, ಅವನ ಮುಖವನ್ನೂ ನೋಡಿದ. ಆಮೇಲೆ ತಿರುಗಿ ಬಾಗಿಲು ತಳ್ಳಿದ. ಅಷ್ಟರಲ್ಲಿ ಒಳಗಿದ್ದ ಎದುರಾಳಿಗಳು ಬಂದೂಕು ಹಿಡಿದು ಸಿದ್ಧರಾಗಿದ್ದರು, ಇವನಿಗೆ ಗುಂಡು ಬಿತ್ತು.

"ಅಯ್ಯೋ ಪೆದ್ದೇ, ನುಗ್ಗಬಾರದಿತ್ತಾ!" ಎಂದೆ. ಮುಂದಿನ ಆಟ ತೆರೆದೆ. ಬೇರೆ ಬಾಗಿಲು. ನಿಂತ, ತಿರುಗಿದ, ಒಬ್ಬೊಬ್ಬರ ಮುಖ ನೋಡಿದ. ಅದರ ಮುಂದಿನದರಲ್ಲೂ ಹಾಗೆಯೇ. ಎಲ್ಲರೂ ಹತ್ತಿದರೇ ಎಂದು ನೋಡದೆ ಬಸ್ಸು ಬಿಡದ ಕಂಡಕ್ಟರನ ಹಾಗೆ. ಅಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಆಟದಲ್ಲೂ" ಎಂದರು ಅಪ್ಪ. "ಹೀಗೆ ಎಲ್ಲರನ್ನೂ ನೋಡಿ ಮುಂದೆ ಹೋಗೋನು ಬರಿ ತಂತಿ ಹಿಡಿದುಕೊಂಡು ‘ಹಾಕು’ ಅನ್ನೋನಲ್ಲ. ಆ ಮ್ಯಾನೇಜರ್ ಸುಳ್ಳ" ಎಂದರು. ಅವರ ಕೈ ಪ್ಲಗ್ಗಿನಿಂದ ಯಾವಾಗಲೋ ಜಾರಿ ಮಡಿಲಿಗೆ ಬಿದ್ದಿತ್ತು.

ಕೊನೆಯ ಆಟದಲ್ಲಿ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಸತ್ತುಹೋದರು. ತಮ್ಮ ಒಬ್ಬನೇ ಉಳಿದ. ಮೆಟ್ಟಿಲಿಳಿದು ಒಂದು ನೆಲಮಾಳಿಗೆಗೆ ಬಂದ, ಕಬ್ಬಿಣದ ಬಾಗಿಲ ಮುಂದೆ ನಿಂತ. ಇನ್ನೇನು ತಳ್ಳುತ್ತಾನೆ ಎಂದುಕೊಂಡೆ. ಅವನು ತಿರುಗಿದ. ಹಿಂದೆ ಯಾರೂ ಇರಲಿಲ್ಲ, ಖಾಲಿ ಮೆಟ್ಟಿಲು, ಖಾಲಿ ಗೋಡೆ. ಅವನ ಕಣ್ಣು ಆ ಖಾಲಿಯ ಮೇಲೆ ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅವನು ಕಾದ.

ಅಪ್ಪ ನೆಲದಿಂದ ಎದ್ದು ಪರದೆಯ ಮುಂದೆ ಬಂದು ನಿಂತರು.

"ಇಲ್ಲಿದೀನಿ ಮಗಾ" ಎಂದರು. "ಹಾಕು."

ಅವನು ತಿರುಗಿ ಬಾಗಿಲು ತಳ್ಳಿದ.