ಚೀಟಿಯಲ್ಲಿದ್ದ ಪದ

"ಏನು ಬರೆದವ್ರೆ ಸ್ವಾಮಿ? ಬೇಗ ಹೇಳಿ," ಎಂದಳು ಮುನಿವೆಂಕಟಮ್ಮ. ಸೇತುರಾಮ ಮೇಷ್ಟ್ರ ಬೆರಳು ನಿಘಂಟಿನ ಒಂದು ಸಾಲಿನ ಮೇಲೆ ನಿಂತುಬಿಟ್ಟಿತ್ತು.

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೈರಸಂದ್ರದಿಂದ ದಿನಾ ಸೊಪ್ಪು ಹೊತ್ತು ತರುತ್ತಿದ್ದ ಮುನಿವೆಂಕಟಮ್ಮ ಇವತ್ತು ಮೊಮ್ಮಗನನ್ನು ಹೊತ್ತು ತಂದಿದ್ದಳು. ಹತ್ತು ತಿಂಗಳ ಕೂಸು ಸೆರಗಿನೊಳಗೆ ಕಣ್ಣು ಬಿಟ್ಟುಕೊಂಡು ಬಿದ್ದಿತ್ತು. ತೊಡೆಯ ಚರ್ಮ ಮುದುಕರ ಚರ್ಮದಂತೆ ಜೋತಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಬರೆಯುತ್ತಾ ನರ್ಸಮ್ಮನಿಗೆ "ಮರಾಸ್ಮಸ್" ಎಂದಿದ್ದರು. ನರ್ಸಮ್ಮ ಲೊಚಗುಟ್ಟಿದ್ದಳು. ಆಮೇಲೆ ಡಾಕ್ಟರು ಏನೇನೋ ಹೇಳಿದರು, ಸೋಮವಾರ ಬಾ ಎಂದರು. ಆ ಲೊಚಗುಟ್ಟಿದ ಸದ್ದಿಗೇ ಮುನಿವೆಂಕಟಮ್ಮನ ಜೀವ ಹಾರಿಹೋಗಿತ್ತು. ಮಿಕ್ಕದ್ದೊಂದೂ ಕಿವಿಗೆ ಬಿದ್ದಿರಲಿಲ್ಲ.

ಇಂಗ್ಲಿಷ್ ಪದಗಳ ಗೋತ್ರ ಸೂತ್ರ ಹೇಳುವುದೆಂದರೆ ಮೇಷ್ಟ್ರಿಗೆ ಹಬ್ಬದೂಟ. ಮೂವತ್ತು ವರ್ಷ ಹುಡುಗರ ತಲೆ ತಿಂದು ರಿಟೈರಾದವರು, ಈಗ ಯಾರೂ ಸಿಗದೆ ಹಾಲಿನವನಿಗೆ ಹೇಳುತ್ತಿದ್ದರು. ಇವತ್ತು ಮಾತ್ರ ಒಂದೇ ಸಾಲನ್ನು ಎರಡೆರಡು ಸಲ ಓದಿಕೊಂಡರು. ದೇಹ ದಿನೇ ದಿನೇ ಸವೆದು ಹಲವೊಮ್ಮೆ ಸಾವಿನಲ್ಲಿ ಮುಗಿಯುವುದು, ಎಂದಿತ್ತು ನಿಘಂಟಿನಲ್ಲಿ. ಆ ಕೂಸನ್ನು ಎದುರಿಗಿಟ್ಟುಕೊಂಡು ಇದನ್ನು ಓದಿ ಹೇಳುವ ಧೈರ್ಯ ಅವರಿಗಿರಲಿಲ್ಲ. ಅರ್ಥವನ್ನು ಬಿಟ್ಟು ಮೂಲಕ್ಕೆ ಹಾರಿದರು.

"ಇದು ಗ್ರೀಕರ ಮಾತು ಕಣಮ್ಮ. ಬಹಳ ಹಳೇದು. ಗಿಡ, ಹೂವು ಬಾಡೋದಕ್ಕೆ ಅವರು ಹೀಗೆ ಅಂತಿದ್ರು."

ಬಚಾವಾದೆ ಎಂದುಕೊಂಡರು. ಆದರೆ ಹುಟ್ಟಿದಾಗಿನಿಂದ ಸೊಪ್ಪು ಬೆಳೆದವಳ ಮುಂದೆ ಆ ಮಾತಾಡಿದ್ದರು.

"ಬಾಡೋದಾ?" ಮುನಿವೆಂಕಟಮ್ಮ ಕೂಸನ್ನು ಎದೆಗೊತ್ತಿಕೊಂಡಳು. "ಬೇರಿಗೆ ಹುಳ ಬಿದ್ದು ಬಾಡೋದಾ, ನೀರಿಲ್ದೆ ಬಾಡೋದಾ? ಸರ್ಯಾಗಿ ನೋಡಿ ಸ್ವಾಮಿ. ಹುಳ ಬಿದ್ರೆ ಕಿತ್ತಾಕೋದೇ. ನೀರಿಲ್ದಿದ್ರೆ ಉಳಿಸ್ಕೋಬೋದು."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಪೋಷಣೆ ಸಾಲದೆ, ಅಂತಿದೆ. ನೀರಿಲ್ಲದೆ ಅಂತಲೇ ಇಟ್ಕೋ. ಮಗೂಗೆ ಏನು ಕೊಡ್ತಿದ್ದೀಯ?"

"ತಿಳಿಗಂಜಿ. ಎರಡು ತಿಂಗ್ಳಿಂದ ಅದೊಂದೇಯ. ನಮ್ ಸೊಸೆ ಲಕ್ಷ್ಮಮ್ಮಂಗೆ ಎದೆಹಾಲು ಬತ್ತೋಯ್ತು, ಇವ್ನಿಗೆ ಭೇದಿ ಹಿಡೀತು. ನಾನೇ ಪಥ್ಯ ಇಟ್ಟೆ. ನಾವು ಮುದ್ದೆ ತಿಂದ್ರೂ ಇವ್ನಿಗೇ ಅಂತ ಸಣ್ಣಕ್ಕಿ ತಂದು, ಅನ್ನ ಬಸ್ದು..." ಅವಳ ದನಿ ಇಳಿಯಿತು. "ಸೊಸೆ ರಾಗಿ ಸರಿ ಮಾಡ್ತೀನಿ ಅಂದ್ಲು. ಅರಗಲ್ಲ ಕಣೇ ಅಂತ ನಾನೇ ಬೈದೆ."

ಮೇಷ್ಟ್ರಿಗೆ ಆಗ ಚೀಟಿಯನ್ನು ತಿರುಗಿಸಿ ನೋಡಬೇಕೆನಿಸಿತು. ಇಷ್ಟು ಹೊತ್ತು ಅದು ಅವರಿಗೆ ಹೊಳೆದೇ ಇರಲಿಲ್ಲ. "ಅಯ್ಯೋ, ಹಿಂದುಗಡೆ ಬರೆದಿದಾರಲ್ಲೇ! ಎರಡೆರಡು ಗಂಟೆಗೊಂದ್ಸಲ ಹಾಲು, ರಾಗಿ ಸರಿ. ಸ್ವಲ್ಪ ಸ್ವಲ್ಪವಾಗಿ."

ಅವಳು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಿದಳು.

ಮಾರನೆಯ ದಿನ ಸೊಪ್ಪು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸೋಮವಾರ ಕಳೆಯಿತು. "ಹೋಗಿ ನೋಡ್ಕೊಂಡಾದ್ರೂ ಬನ್ನೀಂದ್ರೆ," ಎಂದು ಹೆಂಡತಿ ಅಮ್ಮಣ್ಣಿ ಎರಡು ಸಲ ಹೇಳಿದರು. ಮೇಷ್ಟ್ರು ಬೈರಸಂದ್ರದ ಕೆರೆ ಏರಿಯವರೆಗೆ ಹೋಗಿ, ಹಳ್ಳಿಯ ಕಡೆಯಿಂದ ಸಾವಿನ ತಮಟೆ ಸದ್ದೇನಾದರೂ ಕೇಳುತ್ತದೆಯೇ ಎಂದು ಕಿವಿಗೊಟ್ಟು ನಿಂತು, ಹೆದರಿ ಹಿಂದಿರುಗಿದರು. ಮನೆಯಲ್ಲಿ ಬೇರೇನೂ ತೋಚದೆ ಆ ಪದದ ದಾಯಾದಿಗಳನ್ನು ಹುಡುಕುತ್ತಾ ಕೂತರು. ದಂಟಿನ ಸೊಪ್ಪಿನ ಇಂಗ್ಲಿಷ್ ಹೆಸರು ಅಮರಾಂತ್ ಸಹ ಅದೇ ಮೂಲದ್ದು, ಬಾಡದೇ ಇರುವಂಥದ್ದು ಎಂದು ಅದರ ಅರ್ಥ. ಎಂಥ ಸ್ವಾರಸ್ಯ! ಯಾರಿಗೂ ಹೇಳುವ ಮನಸ್ಸಾಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ "ಸೊಪ್ಪೂ..." ಎಂಬ ಕೂಗು ಕೇಳಿತು. ಮೇಷ್ಟ್ರು ಬರಿಗಾಲಲ್ಲೇ ಗೇಟಿಗೆ ಬಂದರು. ಅವಳ ತಲೆಯ ಮೇಲೆ ಬುಟ್ಟಿಯಿತ್ತು. ಕಂಕುಳು ಖಾಲಿ.

"ಮಗು..." ಎಂದರು.

"ಅವ್ರಮ್ಮನ ತಾವ ಬಿಟ್ಟು ಬಂದೆ." ಬುಟ್ಟಿ ಇಳಿಸುತ್ತಾ ಅವಳು ಉಸಿರುಬಿಟ್ಟಳು. "ಸರಿ ಬಟ್ಲು ಈಚೆಗೆ ತೆಗೆದ್ರೆ ಸಾಕು, ಕೇರಿಗೆಲ್ಲ ಕೇಳೋ ಹಂಗೆ ಕಿರುಚ್ತಾನೆ ಸ್ವಾಮಿ."

ಅವಳು ಆರಿಸಿ ಒಂದು ಕಟ್ಟು ದಂಟು ಅವರ ಕೈಗಿಟ್ಟಳು. ಬೇರಿನ ಕೆಸರುನೀರು ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಮ್ಮಣ್ಣಿ ಒಳಗಿನಿಂದ ಕರೆದರೂ ಮೇಷ್ಟ್ರು ಆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದರು.