ನ್ಯಾಮ್ಸಿಯನ್ನು ಹಿಡಿದ ದಿನ

ಮಾವ ತೀರಿಕೊಂಡ ಸುದ್ದಿ ಬಂದಾಗ ಮಸುದೋಮ್ ಗಂಡನಿಗೆ ಹೇಳಿದ ಮೊದಲ ಮಾತು, "ನೀನು ಹೋಗ್ಬೇಡ" ಎಂದು.

ಮಾವ ಎಂದರೆ ಬಾತೊಂಗ್ವಾದ ಒಡೆಯ. ಬೆಟ್ಟದ ಮೇಲಿನ ಹದಿನೇಳು ಕೇರಿಗಳನ್ನು ನಲವತ್ತೊಂದು ವರ್ಷ ಆಳಿದವನು. ಇಪ್ಪತ್ತಾರು ಹೆಂಡಿರು, ಮಕ್ಕಳೆಷ್ಟೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ಒಡೆಯನಾದವನು ಸಾಯುವ ಮುನ್ನ ಗಂಡುಮಕ್ಕಳಲ್ಲಿ ಒಬ್ಬನ ಹೆಸರನ್ನು ಒಂಬತ್ತು ಮಂದಿ ಹಿರಿಯರ ಕಿವಿಯಲ್ಲಿ ಹೇಳಿರುತ್ತಾನೆ. ಮಣ್ಣಿನ ದಿನ ಆ ಹಿರಿಯರು ಜನರ ನಡುವೆ ಬಂದು ಅವನನ್ನು ಹಿಡಿಯುತ್ತಾರೆ. ಹಿಡಿದ ಮೇಲೆ ಒಲ್ಲೆ ಎನ್ನುವ ಹಾಗಿಲ್ಲ.

"ನಮ್ಮಪ್ಪನಿಗೆ ನನ್ನ ಹೆಸರೇ ನೆನಪಿರ್ತಿರ್ಲಿಲ್ಲ ಕಣೇ," ಎಂದು ನ್ಯಾಮ್ಸಿ ನಕ್ಕ. "ನನ್ನನ್ನ ಬೇರೆ ಯಾರೋ ಅಂದ್ಕೊಂಡು ಎರಡು ಸಲ ಬೈದಿದ್ದಾನೆ. ಮಣ್ಣು ಹಾಕಿ ಭಾನುವಾರ ವಾಪಸ್ ಬರೋಣ."

ಬೆಟ್ಟದಿಂದ ದೂರ, ಕಡಲ ಬದಿಯ ದುವಾಲಾ ಪಟ್ಟಣದಲ್ಲಿ ಅವರಿಬ್ಬರದು ಒಂದು ಕೋಣೆಯ ಸಂಸಾರ. ಅವನು ಕ್ಷೌರದಂಗಡಿ, ದರ್ಜಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಅವಳು ಸಂಜೆ ಹೊತ್ತು ರಸ್ತೆ ತಿರುವಿನಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ಕರಿದ ಬಾಳೆಹಣ್ಣಿನ ಜೊತೆ ಮಾರುತ್ತಿದ್ದಳು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅವಳು ಅದನ್ನು ನೆನೆದು ಅತ್ತಾಗೆಲ್ಲ ಅವನು, "ನಾವಿಬ್ರೂ ಚೆನ್ನಾಗಿದ್ದೀವಲ್ಲ, ಮನುಷ್ಯ ಇನ್ಯಾಕೆ ಹುಟ್ಟೋದು?" ಎನ್ನುತ್ತಿದ್ದ. ಸಮಾಧಾನಕ್ಕೆ ಹೇಳುತ್ತಿದ್ದುದಲ್ಲ, ನಂಬಿ ಹೇಳುತ್ತಿದ್ದ. ಹಾಗೆ ನಂಬಿದವನ ಜೊತೆ ಬದುಕುವುದು ಹಗುರವಾಗಿತ್ತು.

ಮಣ್ಣಿನ ದಿನ ಅರಮನೆಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡುಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಕೋಟು ತೊಟ್ಟವರು, ಹೊಸ ನಿಲುವಂಗಿ ಹೊಲಿಸಿಕೊಂಡವರು, ತಾನೇ ಎಂದು ಒಳಗೊಳಗೇ ಎಣಿಸಿದವರು. ನ್ಯಾಮ್ಸಿ ಕೊನೆಯಲ್ಲಿ ನಿಂತು ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಹಿರಿಯರಲ್ಲಿ ಮೊದಲಿಗನಾದ ಪೊಕಾಮ್ ಸಾಲಿನುದ್ದಕ್ಕೂ ನಿಧಾನವಾಗಿ ನಡೆದು ಬಂದ. ಕೊನೆಯವನನ್ನೂ ದಾಟಿದ. ಮಸುದೋಮ್ ಉಸಿರು ಬಿಟ್ಟಳು. ಆಗ ಮುದುಕ ಹಿಂದಿರುಗಿ ನ್ಯಾಮ್ಸಿಯ ರಟ್ಟೆ ಹಿಡಿದ.

ಜನ ಒಮ್ಮೆಗೇ ಮೇಲೆ ಬಿದ್ದರು. ಇನ್ನು ಮುಂದೆ ಅವನನ್ನು ಯಾರೂ ಮುಟ್ಟುವಂತಿಲ್ಲ, ಅದಕ್ಕೆ ಕೊನೆಯ ಬಾರಿಗೆ ಎಲ್ಲರೂ ಹೊಡೆಯಬೇಕು. ಬೆನ್ನಿಗೆ, ತಲೆಗೆ, ಸಿಕ್ಕಲ್ಲಿ. ಅಂಗಿ ಹರಿಯಿತು. "ಬಿಡ್ರೋ, ನನಗೆ ಬೇಡ, ನನ್ನ ಹೆಂಡ್ತಿ ಅಲ್ಲಿದ್ದಾಳೆ" ಎಂದು ಅವನು ಅರಚಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಸುತ್ತಲಿನವರಿಗೂ ಕೇಳಿಸಿತ್ತು, ಅವರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಹಿಡಿದವನು ಒಲ್ಲೆ ಎಂದು ಅತ್ತರೆ ಶುಭವಂತೆ.

ಮರುದಿನ ಅವಳು ಪೊಕಾಮನ ಮನೆ ಬಾಗಿಲಿಗೆ ಹೋದಳು.

"ಒಂಬತ್ತು ವಾರ ಅವನು ಒಳಗಿರ್ಬೇಕಮ್ಮ," ಎಂದ ಮುದುಕ. "ಒಡೆತನ ಕಲಿಯೋಕೆ. ಅಲ್ಲಿವರೆಗೂ ನೀನು ನೋಡೋ ಹಾಗಿಲ್ಲ."

"ಅವನಿಗೆ ಇಷ್ಟ ಇಲ್ಲ ತಾತ."

"ಇಷ್ಟ ಇದ್ದೋರು ಸಾಲಲ್ಲಿ ಬೇಕಾದಷ್ಟು ಜನ ಇದ್ರಲ್ಲ. ಇಷ್ಟಪಟ್ಟು ಕೂತೋನು ಆ ಪೀಠ ತನ್ನದು ಅಂದ್ಕೋತಾನೆ."

"ಹಾಗಾದ್ರೆ ನಮ್ಮ ಸುಖ?"

"ಸಿಕ್ಕಾಗ ಉಣ್ಣಬೇಕು, ಸುಳ್ಳಲ್ಲ. ಆದ್ರೆ ಹುಟ್ಟಿದ್ದೇ ಅದಕ್ಕೆ ಅಂತ ನಿಂಗೆ ಯಾರು ಹೇಳಿದ್ರು?"

"ನನ್ನ ಗಂಡ."

ಮುದುಕ, ಮನೆಗೆ ಬಂದವರಿಗೆ ಕೊಡುವ ಕೋಲಾ ಕಾಯಿ ಒಡೆದು ಅವಳಿಗೆ ಅರ್ಧ ಕೊಟ್ಟ. "ಇನ್ಮೇಲೆ ಅವನು ಹಾಗೆ ಹೇಳಲ್ಲ," ಎಂದ. ಆ ದನಿಯಲ್ಲಿ ಗೆಲುವಿರಲಿಲ್ಲ, ಮರುಕವಿತ್ತು. ಅದೇ ಅವಳನ್ನು ಹೆದರಿಸಿತು.

ಅವಳಿಗೆ ಅರಮನೆಯ ಹೆಂಗಸರ ಕೇರಿಯಲ್ಲಿ ಒಂದು ಮನೆ ಕೊಟ್ಟರು. ಅಕ್ಕಪಕ್ಕದಲ್ಲೆಲ್ಲ ಮಾವನ ವಿಧವೆಯರು. ಅಲ್ಲಿನ ಕಟ್ಟಳೆಯಂತೆ ತಂದೆಯ ಪೀಠದೊಂದಿಗೆ, ಹೆತ್ತವಳನ್ನು ಬಿಟ್ಟು, ಅವರೂ ಈಗ ನ್ಯಾಮ್ಸಿಯ ಹೆಂಡಿರೇ. ಒಳ್ಳೆಯವರು. ಕೆಸುವಿನ ಗೆಡ್ಡೆ ಕುಟ್ಟುತ್ತ, "ಅಳ್ಬೇಡ್ವೇ ಹುಡುಗಿ, ನಮ್ಮನ್ನೂ ಕೇಳಿ ತಂದಿರ್ಲಿಲ್ಲ" ಎಂದು ಹೇಳಿ ತಟ್ಟೆ ತುಂಬ ಬಡಿಸುತ್ತಿದ್ದರು.

ನಾಲ್ಕನೆಯ ವಾರ, ಎಣ್ಣೆ ಹಚ್ಚಿದ ಇಬ್ಬರು ಹುಡುಗಿಯರನ್ನು ಒಡೆಯನಿದ್ದ ಆವರಣದೊಳಗೆ ಕಳಿಸಿದರು. ಹೊರಬರುವಷ್ಟರಲ್ಲಿ ಒಡೆಯ ತಾನು ತಂದೆಯಾಗಬಲ್ಲೆ ಎಂದು ತೋರಿಸಬೇಕು. ಎಂಟನೆಯ ವಾರ ಒಳಗಿನಿಂದ ಸುದ್ದಿ ಬಂತು: ಇಬ್ಬರಲ್ಲಿ ಚಿಕ್ಕವಳು, ಯಾಪ್ಸಿ, ಬಸುರಿ. ಹೆಂಗಸರು ಖುಷಿಯಿಂದ ಕೂಗುತ್ತ ಬಯಲಿಗೆ ಓಡಿದರು, ಮಸುದೋಮಳ ಕೈಯನ್ನೂ ಹಿಡಿದೆಳೆದರು. ಅವಳೂ ಕುಣಿದಳು. ಕುಣಿಯದೆ ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ. ಆರು ವರ್ಷ ಕೊರತೆ ಯಾರದೆಂದು ತಿಳಿಯದೆ ಹೇಗೋ ಕಳೆದಿತ್ತು. ಈಗ ಕುಣಿಯುತ್ತಿದ್ದ ಪ್ರತಿಯೊಬ್ಬರಿಗೂ ಅದು ಗೊತ್ತಾಗಿತ್ತು.

ಹೊರಬಂದ ನ್ಯಾಮ್ಸಿ ಮೈಗೆಲ್ಲ ಕೆಂಪು ಬಳಿದುಕೊಂಡು, ಕೊರಳಲ್ಲಿ ಮಣಿಸರ ಹೊತ್ತು, ಚಿರತೆಯ ಚರ್ಮದ ಮೇಲೆ ಪಾದವಿಟ್ಟು ಕೂತ. ಅವಳು ಮಂಡಿಯೂರಿ, ಒಡೆಯನಿಗೆ ವಂದಿಸುವ ರೀತಿಯಲ್ಲಿ ಮೂರು ಸಲ ಕೈ ತಟ್ಟಿದಳು. ಅವನ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಐದು ದಿನ ಕಳೆದ ಮೇಲೆ ಒಂದು ಸಂಜೆ ಅವಳ ಮನೆಗೆ ಬರುವ ಸರದಿ ಬಂತು. ಒಳಗೆ ಬಂದವನೇ ಅವಳ ತೊಡೆಯ ಮೇಲೆ ತಲೆಯಿಟ್ಟ.

"ಆ ಹುಡುಗಿ..." ಎಂದ.

"ಗೊತ್ತು."

"ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗು ಮಸುದೋಮ್."

ಅವಳ ಅಣ್ಣ ದೀಫೊ ಪಟ್ಟಣದಲ್ಲಿ ತರಕಾರಿ ಸಾಗಿಸುವ ವ್ಯಾನು ಓಡಿಸುತ್ತಿದ್ದ. ಅವಳು ಹೇಳಿಕಳಿಸಿದಂತೆ ಸಂತೆಯ ದಿನ ನಡುಹಗಲಲ್ಲಿ, ಊರೆಲ್ಲ ಸಂತೆಗೆ ಹೋಗಿದ್ದಾಗ, ಹೊಳೆಯ ಬದಿಯ ಈಚಲ ತೋಪಿನಲ್ಲಿ ವ್ಯಾನು ನಿಲ್ಲಿಸಿದ. ನ್ಯಾಮ್ಸಿ ಹಳೆಯ ಅಂಗಿ ತೊಟ್ಟು, ತಲೆಗೆ ಟೋಪಿ ಎಳೆದುಕೊಂಡು ಬಂದ. ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ವ್ಯಾನು ಹೊರಟಾಗ ಅವನು ನಕ್ಕ, ಹಿಂದಿನದೇ ನಗು. ಮಸುದೋಮ್ ಅವನ ಬೆರಳುಗಳನ್ನು ಹಿಡಿದುಕೊಂಡಳು.

ತೋಪು ದಾಟಿದ ಕೂಡಲೇ ಓಣಿಯ ನಡುವೆ ಒಬ್ಬ ಮುದುಕಿ ಗುದ್ದಲಿ ಊರಿಕೊಂಡು ಬರುತ್ತಿದ್ದಳು. ಗಾಜಿನೊಳಗೆ ಇಣುಕಿ ನೋಡಿದಳು. ಗುದ್ದಲಿ ಕೆಳಗಿಟ್ಟು, ಕೆಸರಲ್ಲೇ ಮಂಡಿಯೂರಿ ಕೈ ತಟ್ಟಿದಳು.

"ದಾರಿ ಬಿಡಜ್ಜಿ," ದೀಫೊ ಕೂಗಿದ. "ಇವ್ನು ಒಡೆಯ ಅಲ್ಲ, ನಮ್ಮ ಕೂಲಿಯಾಳು."

"ನಾನು ಮುದುಕಿ ಕಣಪ್ಪ, ಕುರುಡಿ ಅಲ್ಲ." ಅವಳು ನ್ಯಾಮ್ಸಿಯ ಕಡೆ ತಿರುಗಿದಳು. "ಮೂರು ತಿಂಗಳಾಗ್ತಾ ಬಂತು ಒಡೆಯಾ, ದೊಡ್ಡೊಡೆಯರು ಹೋದ್ಮೇಲೆ ಕೇಳೋರಿಲ್ಲ. ನನ್ನ ಮಗ ಸತ್ತ. ಮೈದುನ ಗಡಿಯ ಗಿಡಗಳನ್ನ ಕಿತ್ತು ನನ್ನ ಕೆಸುವಿನ ಪಾತಿ ಒಳಗೆ ನೆಟ್ಟವನೆ. ಅರಮನೆ ತನಕ ನಡೆಯೋಕೆ ನನ್ ಕೈಲಾಗಲ್ಲ. ನೀನೇ ಬಂದ್ಯಲ್ಲ."

"ಕೂತ್ಕೋ, ಇಳೀಬೇಡ," ಮಸುದೋಮ್ ಪಿಸುಗುಟ್ಟಿದಳು.

"ಹೊಲ ಇಲ್ಲೇ ಇದೆ. ಒಂದ್ನಿಮಿಷ," ಎಂದ ಅವನು.

ಅವನು ಇಳಿದು ಹೋದ. ದೂರದಿಂದ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಅವನು ಬದುವಿನುದ್ದಕ್ಕೂ ನಡೆದ. ಯಾರನ್ನೋ ಕರೆಸಿದ. ಮೈದುನ ಬಂದು ಕೈ ಆಡಿಸಿ ವಾದ ಮಾಡಿದ, ಆಮೇಲೆ ತಲೆ ತಗ್ಗಿಸಿದ. ಸಂತೆಯಿಂದ ಹಿಂದಿರುಗುತ್ತಿದ್ದವರು ಬುಟ್ಟಿ ಇಳಿಸಿ ಒಬ್ಬೊಬ್ಬರಾಗಿ ಮಂಡಿಯೂರಿದರು. ಒಂದು ಮೊಕದ್ದಮೆಯ ಬೆನ್ನಿಗೆ ಇನ್ನೊಂದು. ಬಿಸಿಲು ಇಳಿಯಿತು. ದೀಫೊ ಎರಡು ಸಲ ಹಾರನ್ ಬಾರಿಸಲು ಹೋಗಿ ಕೈ ಹಿಂದೆಗೆದ.

ಕೊನೆಗೆ ನ್ಯಾಮ್ಸಿ ಕಿಟಕಿಯ ಹತ್ತಿರ ಬಂದ. ಕೈಯೆಲ್ಲ ಮಣ್ಣು.

"ದೀಫೊ, ಇವಳನ್ನ ಕರ್ಕೊಂಡು ಹೋಗು."

"ನೀನು?" ಎಂದಳು ಅವಳು.

"ಗೊತ್ತಿಲ್ಲ. ಗಿಡ ಕಿತ್ತು ಅದರ ಜಾಗದಲ್ಲಿ ನೆಟ್ಟೆ, ಅಷ್ಟೇ. ಆಮೇಲೆ ಈ ಕಡೆ ಬರೋಕೆ ಕಾಲೇ ಏಳ್ಲಿಲ್ಲ."

"ಅದ್ರಿಂದ ನಿಂಗೆ ಸಂತೋಷ ಆಯ್ತಾ?"

ಅವನು ನಿಜವಾಗಿ ಯೋಚಿಸಿದ. "ಇಲ್ಲ," ಎಂದ. "ಆಗ್ಲಿಲ್ಲ."

ಆಯಿತು ಎಂದಿದ್ದರೆ ಅವಳು ಜಗಳವಾಡುತ್ತಿದ್ದಳು. ನನ್ನ ಜೊತೆ ಇದಕ್ಕಿಂತ ಹೆಚ್ಚು ಸಂತೋಷವಿಲ್ಲವೇ ಎಂದು ಕೊರಳಪಟ್ಟಿ ಹಿಡಿದು ಕೇಳುತ್ತಿದ್ದಳು. ಇಲ್ಲ ಎಂದವನಿಗೆ ಏನು ಹೇಳುವುದು? ಹತ್ತು ಮಾರು ದೂರದಲ್ಲಿ ಜನ ನಿಂತಿದ್ದರು. ಅವನ ಕೈ ಹಿಡಿಯಲೂ ಆಗಲಿಲ್ಲ.

ಅವಳು ದುವಾಲಾದಲ್ಲಿ ಮೂರು ವಾರ ಇದ್ದಳು. ಮೀನಿನ ಒಲೆ ಹಚ್ಚಿದಳು. ಸುದ್ದಿ ತಿಳಿದಿದ್ದ ಗಿರಾಕಿಗಳು ಚೌಕಾಸಿ ಮಾಡುತ್ತಿರಲಿಲ್ಲ, ದೂರ ನಿಂತು "ಅಮ್ಮಾವ್ರೇ" ಎನ್ನುತ್ತಿದ್ದರು. ಪಕ್ಕದ ಮನೆಯ ಗೆಳತಿ ಸಹ ಕೂತು ಹರಟುವುದನ್ನು ಬಿಟ್ಟಳು. ಮಸುದೋಮ್ ವಿಧವೆಯಲ್ಲ, ಗಂಡ ಬಿಟ್ಟವಳೂ ಅಲ್ಲ. ಒಡೆಯನ ಹೆಂಡತಿಯನ್ನು ಬೇರೆ ಯಾರೂ ಮದುವೆಯಾಗುವಂತಿಲ್ಲ. ನಾಲ್ಕನೆಯ ವಾರ ಯಾರೂ ಕರೆಯದೆಯೇ ಬೆಟ್ಟದ ಬಸ್ಸು ಹತ್ತಿದಳು. ಸುಖ ಹುಡುಕಿಕೊಂಡು ಹೊರಟೆನೋ, ಸುಖದ ಆಸೆ ಬಿಟ್ಟು ಹೊರಟೆನೋ ಎಂದು ದಾರಿಯುದ್ದಕ್ಕೂ ಕೇಳಿಕೊಂಡಳು. ತಿಳಿಯಲಿಲ್ಲ.

ಅರಮನೆಯ ಬಯಲಿನಲ್ಲಿ ಮಂಡಿಯೂರಿ ಕೈ ತಟ್ಟಿದಳು. ಸಭೆಯಲ್ಲಿ ಒಡೆಯ ನೇರ ಮಾತಾಡುವುದಿಲ್ಲ. ಪೊಕಾಮ್ ಬಾಗಿ ಕೇಳಿಸಿಕೊಂಡು ಅವಳ ಕಡೆ ತಿರುಗಿದ.

"ದಾರಿ ಚೆನ್ನಾಗಿತ್ತಾ ಅಂತ ಒಡೆಯರು ಕೇಳ್ತಿದ್ದಾರೆ."

"ಚೆನ್ನಾಗಿತ್ತು ಅಂತ ಹೇಳಿ."

ಮರುದಿನ ಅವಳಿಗೂ ಒಂದು ಗುದ್ದಲಿ ಕೊಟ್ಟು ಹೆಂಗಸರ ಜೊತೆ ಹೊಲಕ್ಕೆ ಕಳಿಸಿದರು. ದಾರಿಯಲ್ಲಿ ಯಾಪ್ಸಿ ಬುಟ್ಟಿ ಇಳಿಸಿ ಬೇಲಿಯ ಬದಿಗೆ ಕೂತು ವಾಂತಿ ಮಾಡಿದಳು. ಉಳಿದವರು ಮುಂದೆ ಹೋಗಿದ್ದರು. ಮಸುದೋಮ್ ದಾಟಿ ಹೋಗಬೇಕೆಂದಿದ್ದಳು, ನಿಂತಳು.

"ನಿಂಗೆ ಇದು ಬೇಕಿತ್ತಾ?" ಎಂದು ಕೇಳಿದಳು. ಒರಟಾಗಿಯೇ ಕೇಳಿದಳು.

"ನನ್ನನ್ನ ಯಾರೂ ಕೇಳ್ಲಿಲ್ಲ ಅಕ್ಕ," ಎಂದಳು ಹುಡುಗಿ, ಬಾಯಿ ಒರೆಸಿಕೊಳ್ಳುತ್ತ.

ಮಸುದೋಮ್ ಸೋರೆಬುರುಡೆಯಿಂದ ಅವಳ ಬೊಗಸೆಗೆ ನೀರು ಸುರಿದಳು. ಆಮೇಲೆ ಆ ಹುಡುಗಿಯ ಬುಟ್ಟಿಯನ್ನು ತನ್ನ ಬುಟ್ಟಿಯ ಮೇಲೆ ಪೇರಿಸಿ, ಎರಡನ್ನೂ ತಲೆಗೆತ್ತಿಕೊಂಡು ನಡೆದಳು.